ಕಿವಿಗೆ ಒಗ್ಗುವ ಪುಸ್ತಕಗಳು

ಬಾಗಲೂರಿನಿಂದ ಯಲಹಂಕಕ್ಕೆ ಹೋಗಿಬರುವ ಹೊತ್ತೆಲ್ಲ ಈಗ ಆಡಿಯೋಬುಕ್‌ಗಳಿಗೇ ಮೀಸಲು. ಕೇಳಿದ ಮೇಲೆ ಅನ್ನಿಸಿದ್ದು ಇಷ್ಟು.

ತೇಜಸ್ವಿಯವರ ‘ಕರ್ವಾಲೋ’ (1980) ಕೇಳುವುದಕ್ಕೆಂದೇ ಬರೆದಂತಿದೆ. ಮಂದಣ್ಣ, ಪ್ಯಾರ ಎಲ್ಲರೂ ಬರೀ ಮಾತಿನಲ್ಲೇ ಎದುರಿಗೆ ಬಂದು ನಿಲ್ಲುತ್ತಾರೆ.

ಭೈರಪ್ಪನವರ ‘ಪರ್ವ’ (1979) ಕಿವಿಗೆ ಕಷ್ಟ. ಕುಂತಿ, ದ್ರೌಪದಿ, ಭೀಮರ ನೆನಪುಗಳು ಹಿಂದೆ ಮುಂದೆ ಸರಿಯುತ್ತಲೇ ಇರುತ್ತವೆ. ಹಾರ್ನ್ ಸದ್ದಿಗೆ ಕೊಂಚ ಗಮನ ತಪ್ಪಿದರೂ ಯಾರ ನೆನಪಿನೊಳಗಿದ್ದೇವೆ ಎಂಬುದೇ ತಿಳಿಯುವುದಿಲ್ಲ. ಅದಕ್ಕೆ ಪುಟವೇ ಬೇಕು, ಪೆನ್ಸಿಲ್ಲೂ ಬೇಕು.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಚಿಕ್ಕದು, ನಿರೂಪಕ ಒಬ್ಬನೇ. ಅವನು ಹೇಳದೆ ಬಿಡುವುದೇ ಅಲ್ಲಿ ಹೆಚ್ಚು. ಓದುವ ದನಿ ನಾಟಕಕ್ಕಿಳಿದರೆ ಆ ಮೌನದೊಳಗಿನ ಭಯ ಸತ್ತುಹೋಗುತ್ತದೆ, ತಣ್ಣಗೆ ಓದಬೇಕು.

ಎಲ್ಲಕ್ಕಿಂತ ಹಿಡಿಸಿದ್ದು ಗಮಕಿಗಳು ವಾಚಿಸಿದ ಕುಮಾರವ್ಯಾಸ. ಪುಸ್ತಕದಲ್ಲಿ ಕಠಿಣವೆನಿಸುವ ಭಾಮಿನಿ ಷಟ್ಪದಿ, ರಾಗದಲ್ಲಿ ಬಿಡಿಸಿ ಹೇಳಿದಾಗ ತಾನಾಗಿ ಅರ್ಥ ಬಿಟ್ಟುಕೊಡುತ್ತದೆ. ಕೇಳಿ ಓದುವ ಪದ್ಧತಿ ನಮ್ಮಲ್ಲಿ ಮೊಬೈಲಿಗಿಂತ ಬಹಳ ಹಳೆಯದು.

ಆಡಿಯೋಬುಕ್ ಮಾಡುವವರಲ್ಲಿ ಒಂದೇ ಕೋರಿಕೆ: ಹಿನ್ನೆಲೆ ಸಂಗೀತ ತಗ್ಗಿಸಿ. ಅದರಿಂದ ಉಳಿಯುವ ದುಡ್ಡಿನಲ್ಲಿ ಧಾರವಾಡದ ಕತೆಗೆ ಧಾರವಾಡದ ದನಿ, ಕರಾವಳಿಯ ಕತೆಗೆ ಕರಾವಳಿಯ ದನಿ ಹುಡುಕಿ. ಎಲ್ಲ ಕನ್ನಡವನ್ನೂ ಒಂದೇ ಸುದ್ದಿವಾಚಕರ ಕನ್ನಡ ಮಾಡಬೇಡಿ.