ಗೂಟಕ್ಕೆ ನಿಲ್ಲದ ತಂತಿಗಳು

ಭರತ ಹುಣ್ಣಿಮೆ ಹತ್ತಿರ ಬಂದಿದೆ. ಕೊಟ್ಟೂರಿನ ಬಸ್‌ಸ್ಟ್ಯಾಂಡಿನಲ್ಲಿ ಮೈಲಾರಕ್ಕೆ ಹೊರಟವರೂ ಉಚ್ಚಂಗಿದುರ್ಗಕ್ಕೆ ಹೊರಟವರೂ ಒಂದೇ ಕಟ್ಟೆಯ ಮೇಲೆ ಕೂತಿದ್ದಾರೆ. ಹಣೆ ನೋಡಿ ಯಾರು ಎಲ್ಲಿಗೆಂದು ಹೇಳುವಂತಿಲ್ಲ, ಎಲ್ಲರದ್ದೂ ಭಂಡಾರವೇ. ಬಜಾರ ದಾಟಿ ಓಣಿಗೆ ಹೊರಳುತ್ತೇನೆ. ಹಳೆಯ ವಾದ್ಯಗಳನ್ನು ತಂದು ಸರಿಮಾಡಿಸಿ ಇಡುವ ಮೇಷ್ಟ್ರ ಮನೆ ಬಾಗಿಲು ತೆರೆದೇ ಇದೆ.

"ಬರ್ರಿ ಬರ್ರಿ. ಆ ಕಡಿಗೆ ಕುಂದ್ರಿ, ಇಲ್ಲಿ ಸರೇಸು ಚೆಲ್ಲೈತಿ."

ಪಡಸಾಲೆಯ ನಡುವೆ ಕಂಬಳಿ ಹಾಸಿ ತಂಬೂರಿಯೊಂದನ್ನು ಮಲಗಿಸಿದ್ದಾರೆ. ಪಕ್ಕದಲ್ಲಿ ಬಡಿಗೇರರು ಮಂಡಿಯೂರಿ, ಬುರುಡೆಯ ಬಿರುಕಿಗೆ ಬೆರಳಿನಿಂದಲೇ ಸರೇಸು ತುಂಬುತ್ತಿದ್ದಾರೆ. ಅವರ ಕಸುಬು ಬಾಗಿಲು, ಕಿಟಕಿ. ಹತ್ತು ವರ್ಷದ ಹಿಂದೆ ಒಂದು ಬಿರಡೆ ಕೆತ್ತಿ ಕೊಡಲು ಬಂದವರು ಈಗ ಭಾನುವಾರ ತಪ್ಪಿಸುವುದಿಲ್ಲ. ತಂಬೂರಿ ಮಿರಜ್‌ದು, ಹರಪನಹಳ್ಳಿಯ ಮನೆಯೊಂದರಲ್ಲಿ ಹಾಡುವವರು ತೀರಿಕೊಂಡ ಮೇಲೆ ಅಟ್ಟ ಸೇರಿತ್ತು. ಮಿರಜ್‌ನಲ್ಲಿ ತಂಬೂರಿ ಮಾಡುವ ಕೆಲಸ ಹಿಡಿದವರು ಕತ್ತಿ ಸಾಣೆ ಹಿಡಿಯುತ್ತಿದ್ದ ಶಿಕಲಗಾರರು, ಹತ್ತೊಂಬತ್ತನೆಯ ಶತಮಾನದಲ್ಲಿ. 2024ರಲ್ಲಿ ಅಲ್ಲಿಯ ಸಿತಾರ, ತಂಬೂರಿಗಳಿಗೆ ಭೌಗೋಳಿಕ ಗುರುತಿನ ಮುದ್ರೆಯೂ ಸಿಕ್ಕಿತು. "ಬುರುಡಿ ಪಂಢರಪುರದ ಕಡಿಯಿಂದ ಬರತೈತಂತ್ರಿ. ನಮ್ಮ ಹಿತ್ತಲದ ಸೋರಿ ಈ ಗಾತ್ರ ಆಗಂಗಿಲ್ಲ," ಎನ್ನುತ್ತಾರೆ ಬಡಿಗೇರರು, ಬೆರಳು ಒರೆಸಿಕೊಳ್ಳುತ್ತ.

ಸರೇಸು ಒಣಗುವ ತನಕ ಮೇಷ್ಟ್ರು ಗೋಡೆಗೊರಗಿಸಿದ್ದ ಮಿರಜ್‌ದೇ ಇನ್ನೊಂದು ತಂಬೂರಿ ಎತ್ತಿಕೊಳ್ಳುತ್ತಾರೆ. ನಾಲ್ಕು ತಂತಿ. ಪಂಚಮ ಮೀಟಿದರೆ ಕಟ್ಟಿಗೆ ತಟ್ಟಿದ ಹಾಗೆ ಕೇಳುತ್ತದೆ. ಅಂಗಿಯ ಜೇಬಿನಿಂದ ಹತ್ತಿಯ ನೂಲು ತೆಗೆದು ಕುದುರೆಗೂ ತಂತಿಗೂ ನಡುವೆ ಸಿಕ್ಕಿಸುತ್ತಾರೆ. ಮೀಟುತ್ತಾರೆ, ನೂಲನ್ನು ಕೂದಲೆಳೆಯಷ್ಟು ಮುಂದಕ್ಕೆ ಜರುಗಿಸಿ ಮತ್ತೆ ಮೀಟುತ್ತಾರೆ. ಮೂರನೆಯ ಸಲಕ್ಕೆ ಒಳಗಿಂದ ಜೇನ್ನೊಣದ ಗುಂಯ್‌ ಎದ್ದು ಪಡಸಾಲೆ ತುಂಬುತ್ತದೆ. ಕುದುರೆಯ ಮೈ ತುಸು ಉಬ್ಬಾಗಿದೆ, ತಂತಿ ಅದರ ಮೇಲೆ ಉಜ್ಜಿ ಉಜ್ಜಿ ಅದುರುತ್ತದೆ. ಎಲ್ಲಿ ತಾಕಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಆ ನೂಲು ತೀರ್ಮಾನಿಸುತ್ತದೆ. ಬಡಿಗೇರರು ಕಣ್ಣು ಮುಚ್ಚಿದ್ದಾರೆ. "ಇನ್ನ ತುಸು ಹಿಂದಕ್ಕ," ಎನ್ನುತ್ತಾರೆ. ಹಾಡು ಕಲಿತವರಲ್ಲ, ಕಿವಿ ಮಾತ್ರ ಬಲು ಚುರುಕು.

ಆಗ ಗೋಡೆಯ ಕಡೆ ನೋಡುತ್ತೇನೆ. ಸಾಲಾಗಿ ಗೂಟಗಳು, ಅರ್ಧಕ್ಕರ್ಧ ಖಾಲಿ. ಕೆಳಗೆ ಸೀಮೆಸುಣ್ಣದಲ್ಲಿ ವಾದ್ಯ ಹೋದ ಊರು ಬರೆದಿದೆ: ಉಜ್ಜಿನಿ, ಚಿರಬಿ, ಹಡಗಲಿ. ಏಕತಾರಿಯೊಂದು ತತ್ವಪದದವರ ಜೊತೆ ಹೋಗಿದೆ. ಇನ್ನೊಂದು ಶ್ರಾವಣದ ಭಜನೆಗೆಂದು ಹೋಗಿದ್ದು ಬಂದೇ ಇಲ್ಲ. ಮೇಷ್ಟ್ರಿಗೆ ಅದರ ಚಿಂತೆ ಇದ್ದಂತಿಲ್ಲ. ವಾದ್ಯಗಳನ್ನು ಜೋಪಾನವಾಗಿ ಕಾಪಿಡುವ ಜಾಗಗಳೂ ಇವೆ: ಮೈಸೂರು ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯ 1968ರದ್ದು, ರಾಮನಗರದ ಜಾನಪದ ಲೋಕ 1994ರದ್ದು. ಆ ಕೆಲಸ ಸಣ್ಣದಲ್ಲ. ಗಾಜಿನ ಹಿಂದೆ ಮರ ಉಳಿಯುತ್ತದೆ. ತೊಗಲು, ತಂತಿಗಳ ಮಾತು ಬೇರೆ, ಅವಕ್ಕೆ ಬಳಸುವ ಕೈ ಬೇಕು. ನನಗಂತೂ ಈ ಖಾಲಿ ಗೂಟಗಳೇ ಹೆಚ್ಚು ಹಿಡಿಸಿದವು.

ಹೊಸ್ತಿಲಲ್ಲಿ ಬಳೆ ಸದ್ದು. ಜೋಗತಮ್ಮ. ಕೊರಳಲ್ಲಿ ಮುತ್ತು, ಕಂಕುಳಲ್ಲಿ ಚೀಲ, ಕೈಯಲ್ಲಿ ಮೆಣಸಿನಕಾಯಿ ಬಜ್ಜಿಯ ಪೊಟ್ಟಣ.

"ಮೇಷ್ಟ್ರೇ, ನನ್ನ ಚೌಡಿಕಿ ಎಲ್ಲೈತಿ?"

"ನಿಂದಾ? ರೊಕ್ಕ ಕೊಟ್ಟು ತಂದಾವ ನಾನು."

"ತಂದವರು ನೀವು, ಬಾರ್ಸಾಕಿ ನಾನು."

ಈ ಜಗಳ ವರ್ಷಾವರ್ಷ ನಡೆಯುವುದಂತೆ. ಮೇಷ್ಟ್ರು ಒಳಗಿನಿಂದ ಚೌಡಿಕೆ ತರುತ್ತಾರೆ. ಮರದ ಕೊಳಗದಂಥ ಮೈ, ಬುಡಕ್ಕೆ ಆಡಿನ ತೊಗಲು, ಪಕ್ಕಕ್ಕೆ ಕೋಲು. ತೊಗಲಿನ ನಡುವಿನಿಂದ ಹೊರಟ ಒಂದೇ ತಂತಿ ಕೋಲಿನ ತುದಿಯ ಬಿರಡೆಗೆ ಸುತ್ತಿಕೊಂಡಿದೆ. ಅಂಗೈ ತಾಗಿ ತಾಗಿ ಕೋಲು ನುಣುಪಾಗಿ ಕಪ್ಪಗಾಗಿದೆ. ಜೋಗತಮ್ಮ ತೊಗಲಿಗೆ ಬೆರಳು ಬಡಿದು ಮುಖ ಸಿಂಡರಿಸುತ್ತಾರೆ, "ತಂಪು ಹಿಡದೈತಿ," ಎಂದು ಅಂಗಳದ ಬಿಸಿಲಿಗೆ ಒಯ್ದು ಇಡುತ್ತಾರೆ. ಕಾಯುವಷ್ಟು ಹೊತ್ತು ಬಜ್ಜಿ, ಮಂಡಕ್ಕಿ, ಮಾತು. ಮಾತು ಹೊಸಪೇಟೆ ದಾರಿಯ ಮರಿಯಮ್ಮನಹಳ್ಳಿಗೆ, ಮಂಜಮ್ಮ ಜೋಗತಿಯವರಿಗೆ ಹೊರಳುತ್ತದೆ. 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷೆ, 2021ರಲ್ಲಿ ಪದ್ಮಶ್ರೀ. "ಆಕಿ ದಿಲ್ಲಿಗೆ ಹೋಗಿ ಬಂದ ಮ್ಯಾಲ ಬಸ್ಸಿನಾಗ ನಮಗೂ ಸೀಟು ಬಿಡ್ತಾರ ನೋಡ್ರಿ," ಎಂದು ಜೋಗತಮ್ಮ ನಗುತ್ತಾರೆ. ನಗುವಿನಲ್ಲಿ ಅರ್ಧ ಮಾತ್ರ ತಮಾಷೆ.

ತೊಗಲು ಕಾದಿದೆ. ಎಡಗೈ ಬಿರಡೆ ತಿರುವುತ್ತದೆ, ಬಲಗೈಯ ಕಡ್ಡಿ ತಂತಿಗೆ ಬೀಳುತ್ತದೆ. ತಂತಿ ವಾದ್ಯವೋ ಚರ್ಮವಾದ್ಯವೋ ಎಂದು ವಾದಿಸುವವರು ಒಮ್ಮೆ ಹೀಗೆ ಎದುರಿಗೆ ಕೂರಬೇಕು: ಸ್ವರ, ಪೆಟ್ಟು ಎರಡೂ ಒಟ್ಟಿಗೇ ಎದೆಗೆ ಬಡಿಯುತ್ತವೆ. ಮೇಷ್ಟ್ರು ತಡೆಯಲಾರದೆ ತಂಬೂರಿ ಮೀಟುತ್ತಾರೆ. ಶ್ರುತಿ ಕೂಡುವುದಿಲ್ಲ. ಜೋಗತಮ್ಮ ಬಿರಡೆ ಮುಟ್ಟುವುದಿಲ್ಲ. ಕಣ್ಣಲ್ಲೇ ತಂಬೂರಿ ತೋರಿಸುತ್ತಾರೆ, ಇಳಿಸಿಕೋ ಎಂಬಂತೆ. ಮಿರಜ್‌ನ ತಂಬೂರಿ ಇಳಿಯುತ್ತದೆ.

ಬಸ್ಸಿನ ಹೊತ್ತಾಯಿತು. ಚೌಡಿಕೆ ಸೀರೆಯ ತುಂಡಿನಲ್ಲಿ ಸುತ್ತಿ ಚೀಲ ಸೇರುತ್ತದೆ.

"ಹುಣ್ಣಿಮಿ ಮುಗದ ಕೂಡ್ಲೇ ತಂದ್ಕೊಡು," ಎನ್ನುತ್ತಾರೆ ಮೇಷ್ಟ್ರು.

"ಹೊಸ ತೊಗಲು ಹಾಕ್ಸಿ ತರ್ತೀನಿ. ರೊಕ್ಕ ಈಗ ಕೊಡ್ರಿ."

ಬಡಿಗೇರರು ನಗು ತಡೆಯಲಾರದೆ ಸರೇಸಿನ ಡಬ್ಬಿ ಉರುಳಿಸುತ್ತಾರೆ. ಮೇಷ್ಟ್ರು ಜೇಬಿಗೆ ಕೈ ಹಾಕುತ್ತಾರೆ.