ಬೀರುವಿನಲ್ಲಿರುವ ಪುಟ್ಟ ಕ್ಯಾಮೆರಾ

ಮನೆಯ ಫೋಟೊಗಳ ಮಟ್ಟಿಗೆ ಹಳೆಯ ಪುಟ್ಟ ಡಿಜಿಟಲ್ ಕ್ಯಾಮೆರಾಕ್ಕೆ ಇನ್ನೂ ಕೆಲಸವಿದೆ ಎನ್ನುವುದು ನನ್ನ ವಾದ. 2001ರಲ್ಲಿ ಕೊಡಕ್ ಕಂಪನಿ ‘ಈಸಿಶೇರ್’ ಕ್ಯಾಮೆರಾ ತಂದಾಗ ಕೊಟ್ಟ ಭರವಸೆ, ಗುಂಡಿ ಒತ್ತಿದರೆ ಫೋಟೊ ಕಂಪ್ಯೂಟರಿಗೆ ಹೋಗುತ್ತದೆ ಎಂಬುದು. ಅದನ್ನು ಫೋನು ಇನ್ನೂ ಸಲೀಸಾಗಿ ಮಾಡಿತು. 2012ರಲ್ಲಿ ಕೊಡಕ್ ದಿವಾಳಿ ಅರ್ಜಿ ಹಾಕಿತು. ಆದರೆ ಹಂಚುವುದು ಸುಲಭವಾದಷ್ಟೂ ಉಳಿಸುವುದು ಸಡಿಲವಾಯಿತು. ನಾಗಮಂಗಲದ ಮದುವೆ ಫೋಟೊ ವಾಟ್ಸಾಪಿನಲ್ಲಿ ಕೆ.ಆರ್. ಪೇಟೆಯ ಸೋದರತ್ತೆಗೆ ಮುಟ್ಟುವಷ್ಟರಲ್ಲಿ ಕುಗ್ಗಿರುತ್ತದೆ, ನಾಳೆ ಶುಭೋದಯದ ಹೂಗಳಡಿ ಹೂತುಹೋಗುತ್ತದೆ. ಕ್ಯಾಮೆರಾದ ಮೆಮೊರಿ ಕಾರ್ಡಿನಲ್ಲಾದರೆ ಮೂಲ ಹಾಗೇ ಇರುತ್ತದೆ.

ಫೋನಿನ ಚಿತ್ರವೇ ಚೆಂದ ಎನ್ನುವವರ ಮಾತು ಸುಳ್ಳಲ್ಲ. ಮೇಲುಕೋಟೆಯ ವೈರಮುಡಿ ಉತ್ಸವದ ರಾತ್ರಿಯಲ್ಲಿ ಒಳ್ಳೆಯ ಫೋನಿನ ಮುಂದೆ ಹಳೇ ಕ್ಯಾಮೆರಾ ಸೋಲುತ್ತದೆ. ಹಗಲಿನಲ್ಲಿ, ಶ್ರೀರಂಗಪಟ್ಟಣದ ಸಂಗಮದ ದಡದಿಂದ ದೂರದ ಮಕ್ಕಳ ಮುಖ ಹಿಡಿಯಲು ಮಾತ್ರ ಲೆನ್ಸಿನ ಜೂಮೇ ಬೇಕು. ಅಗ್ಗದ ಫೋನಿನ ಜೂಮು ಚಿತ್ರವನ್ನು ಕತ್ತರಿಸಿ ಹಿಗ್ಗಿಸುತ್ತದೆ, ಅಷ್ಟೆ. ಇನ್ನು ಮೆಗಾಪಿಕ್ಸೆಲ್ ಕಡಿಮೆ ಎಂಬ ತಕರಾರು: 4×6 ಇಂಚಿನ ಪ್ರಿಂಟಿಗೆ, ಇಂಚಿಗೆ 300 ಚುಕ್ಕಿಯಂತೆ, 1200×1800 ಸಾಕು, ಅಂದರೆ ಸುಮಾರು 22 ಲಕ್ಷ ಪಿಕ್ಸೆಲ್. 5 ಮೆಗಾಪಿಕ್ಸೆಲ್ಲಿನ ಕ್ಯಾಮೆರಾ ಧಾರಾಳವಾಯಿತು. ಕೇಬಲ್ ಹುಡುಕುವವರು ಯಾರು ಎಂಬ ಗೊಣಗಾಟವೊಂದೇ ನಿಜಕ್ಕೂ ತೂಕದ್ದು. ಅದಕ್ಕೆ ಫೋನಿಗೇ ಸಿಕ್ಕಿಸುವ ಕಾರ್ಡ್ ರೀಡರ್ ಇದೆ. ಅದೂ ಬೇಡವೆಂದರೆ ಪಾಂಡವಪುರದ ಯಾವುದಾದರೂ ಸ್ಟುಡಿಯೊದವರಿಗೆ ಕಾರ್ಡನ್ನೇ ಕೊಟ್ಟು, ಆಯ್ದ ಹತ್ತು ಫೋಟೊಗಳ ಪ್ರಿಂಟ್ ಹಾಕಿಸಿ ಅಜ್ಜಿಯ ಕೈಗೆ ಕೊಡಬಹುದು.