ದಾರಿ ಕುಡಿದ ನೀರು

ಕುರುಗೋಡು

ನನ್ನವ್ವ,

ರಾತ್ರಿ ಫೋನಿನಲ್ಲಿ ನೀನು ಸುಮ್ಮನಾದೆ, ನನಗೂ ಮಾತು ಹೊರಡಲಿಲ್ಲ. ಅದಕ್ಕೇ ಈ ಕಾಗದ. ಹಾಸ್ಟೆಲ್ಲಿನ ಹುಡುಗಿಯರು ‘ನಿಂದು 371ಜೆ ಸೀಟು’ ಅಂದು ನಕ್ಕರಂತೆ. ‘ಎಲ್ಲರೂ ಬರೆದದ್ದು ಒಂದೇ ಸಿಇಟಿ, ಹಂಗಾರೆ ನಾನು ಯಾರದೋ ಸೀಟು ಕಸಗೊಂಡ್ನಾ ಅಪ್ಪಾ?’ ಅಂದೆ.

ನಮ್ಮ ಎಲ್‌ಎಲ್‌ಸಿ ಕಾಲುವೆಯ ಪಾಳಿ ನೆನಪಿದೆಯಲ್ಲ? ಎಕರೆಗೆ ಇಷ್ಟು ತಾಸು. ಚೀಟಿಯ ಮೇಲೆ ಎಲ್ಲರೂ ಸಮ. ತೂಬಿನ ಬಾಯಲ್ಲಿರುವವನಿಗೆ ಗೇಟು ಎತ್ತಿದ ಗಳಿಗೆಗೇ ನೀರು. ನಮ್ಮದು ಕೊನೆ ಹೊಲ. ಮೊದಲಿನ ಎರಡು ತಾಸಿನ ನೀರನ್ನು ಒಣಗಿದ ಕಾಲುವೆಯೇ ಕುಡಿಯುತ್ತಿತ್ತು. ಎರೆಮಣ್ಣಿನ ಬಿರುಕಿನೊಳಗೆ ಅದು ಬುಳುಬುಳು ಇಳಿಯುವುದನ್ನು ನೀನೇ ಬ್ಯಾಟರಿ ಹಿಡಿದು ನೋಡಿದ್ದೀ. ಮೆಣಸಿನಗಿಡದ ಬುಡ ಮುಟ್ಟುವಷ್ಟರಲ್ಲಿ ಪಾಳಿ ಮುಗಿದಿರುತ್ತಿತ್ತು. ಕೊನೆಗೆ ಹಿರಿಯರು ಕೂತು ನಮಗೆ ಎರಡು ತಾಸು ಹೆಚ್ಚು ಬಿಟ್ಟರು. ಮೇಲಿನವರು ಗೊಣಗಿದರು. ದಾರಿ ಕುಡಿದದ್ದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ, ಅಷ್ಟೆ.

ಸಮಪಾಲು, ಸಮಬಾಳು ಎಂದು ಭಾಷಣದಲ್ಲಿ ಒಂದೇ ಉಸಿರಿಗೆ ಹೇಳುತ್ತಾರೆ. ಮೊದಲನೆಯದನ್ನು ತೂಬಿನ ಹತ್ತಿರ ಅಳೆಯಬಹುದು. ಎರಡನೆಯದಕ್ಕೆ ಗಿಡದ ಬುಡದ ತನಕ ನಡೆಯಬೇಕು.

ನಂಜುಂಡಪ್ಪ ಸಮಿತಿ ಹಾಗೆ ನಡೆದು, 2002ರಲ್ಲಿ ರಾಜ್ಯದ 114 ತಾಲ್ಲೂಕು ಹಿಂದುಳಿದಿವೆ ಎಂದಿತು. ಆಗ ಹೈದರಾಬಾದ್-ಕರ್ನಾಟಕ ಎನ್ನುತ್ತಿದ್ದ ನಮ್ಮ ಭಾಗಕ್ಕಾಗಿ ಸಂಸತ್ತು 371ಜೆ ತಿದ್ದುಪಡಿಯನ್ನು ಒಪ್ಪಿದ್ದು 2012ರಲ್ಲಿ. ನಮ್ಮ ಭಾಗದ ಕಾಲೇಜುಗಳಲ್ಲಿ ನಮ್ಮ ಮಕ್ಕಳಿಗೆ ಶೇ 70, ಹೊರಗೆ ಶೇ 8. ನಿನ್ನದು ಆ ಎಂಟರೊಳಗಿನದು. ‘ಬಳ್ಳಾರಿ ಹೈದರಾಬಾದಿನದ್ದೇ ಅಲ್ಲ’ ಎನ್ನುವವರೂ ಇದ್ದಾರೆ. ನಿಜ, 1800ರಲ್ಲೇ ನಿಜಾಮ ನಮ್ಮನ್ನು ಕಂಪನಿಗೆ ಬಿಟ್ಟುಕೊಟ್ಟ. 1953ರ ತನಕ ಮದ್ರಾಸಿನವರಾಗಿದ್ದೆವು. ಅಲ್ಲೂ ನಾವು ಕೊನೆ ಹೊಲವೇ. ಒಂಬತ್ತನೇ ಕ್ಲಾಸನ್ನು ಗಣಿತದ ಮೇಷ್ಟ್ರಿಲ್ಲದೆ ಮುಗಿಸಿದವಳು ನೀನು. ಕಸಿದುಕೊಂಡದ್ದು ಏನೂ ಇಲ್ಲ ತಾಯಿ.

ಆದರೆ ನನ್ನನ್ನು ಚುಚ್ಚುವುದು ಬೇರೆ. ನಿನ್ನನ್ನು ಬಳ್ಳಾರಿಯ ಕೋಚಿಂಗಿಗೆ ಕಳಿಸಲು ಒಂದು ವರ್ಷದ ಮೆಣಸಿನಕಾಯಿ ದುಡ್ಡು ಹಾಕಿದೆ. ಹಾಕಲು ಇತ್ತು, ಹಾಕಿದೆ. ಪಾಳಿಯ ರಾತ್ರಿಗಳಲ್ಲಿ ನಿನ್ನ ಜೊತೆ ಬದುವಿನ ಮೇಲೆ ಕೂರುತ್ತಿದ್ದ ಪಕ್ಕದ ಹೊಲದ ಹುಡುಗಿ ಹತ್ತನೇ ಕ್ಲಾಸಿಗೇ ಬಿಟ್ಟು, ಈಗ ಮೆಣಸಿನಕಾಯಿ ತೊಟ್ಟು ಮುರಿಯುವ ಕೂಲಿಗೆ ಹೋಗುತ್ತಾಳೆ. 371ಜೆ ಚೀಟಿಯ ಮೇಲೆ ನೀವಿಬ್ಬರೂ ಸಮ.

ಅವಳ ತಂಗಿ ಈ ವರ್ಷ ಪಿಯುಸಿ ಸೇರಿದ್ದಾಳೆ. ನಿನ್ನ ಸಿಇಟಿ ಪುಸ್ತಕಗಳು ಅಟ್ಟದ ಮೇಲಿವೆ. ನಾನೇ ಕೊಟ್ಟುಬರುತ್ತಿದ್ದೆ, ನೀನು ಬರಲಿ ಅಂತ ಇಟ್ಟಿದ್ದೇನೆ.

ನಿನ್ನ
ಅಪ್ಪ